ಇದ್ಯಾವ ಬಣ್ಣ ಹೇಳು ನೋಡೋಣ

ನನ್ನ ಯಜಮಾನರದು ಕಾರಿನ ವೈರಿಂಗ್ ಕೆಲಸ. ಮನೆ ಮುಂದಿನ ಶೆಡ್ಡೇ ಅಂಗಡಿ. ಪ್ರತಿ ವೈರಿನ ತುದಿಗೂ ದಾರದ ಗಂಟು ಹಾಕುತ್ತಾರೆ: ಕರೆಂಟು ಬರುವ ಕೆಂಪಿಗೆ ಒಂದು, ಅರ್ತಿಂಗಿನ ಕಪ್ಪಿಗೆ ಎರಡು. ಆಮೇಲೆ ಗಂಟು ಸವರಿ ಸವರಿಯೇ ಜೋಡಿಸುತ್ತಾರೆ.

ಅದೆಲ್ಲ ಸರಿ. ನನ್ನ ಮೈ ಉರಿಯುತ್ತಿದ್ದದ್ದು ಬೇರೆಯದಕ್ಕೆ. ಹೊಸ ಸಾಮಾನಿನ ಡಬ್ಬಿ ಬಿಚ್ಚಿದರೆ ಸಾಕು, ನನ್ನನ್ನು ಕರೆದು, ಒಂದೊಂದೇ ವೈರು ಎತ್ತಿ ಹಿಡಿದು, "ಇದ್ಯಾವ ಬಣ್ಣ ಹೇಳು ನೋಡೋಣ" ಅನ್ನುತ್ತಿದ್ದರು. ನಾನೇನು ಒಂದನೇ ಕ್ಲಾಸಿನ ಹುಡುಗಿಯೇ? ಮದುವೆಯಾದ ಹೊಸದರಲ್ಲಿ ಸರಸ ಅಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷವಾದರೂ ಬಿಡದಿದ್ದಾಗ, ಈ ಮನುಷ್ಯನ ತಲೆಯಲ್ಲಿ ಏನಿದೆಯಪ್ಪಾ ಎಂದು ಯೋಚಿಸಿ ಯೋಚಿಸಿ ಸಾಕಾಯಿತು. ಕೇಳಿದರೆ ಬರೀ ನಗು.

ಆವತ್ತು ರಿಟೈರಾದ ಹೆಡ್‌ಮೇಷ್ಟ್ರು ತಮ್ಮ ತಂದೆಯ ಕಾಲದ ಕಾರು ತಂದಿದ್ದರು. ಮೂರು ಅಂಗಡಿ ತಿರುಗಿ ಆರಿಸಿದ ಸ್ಟೀರಿಯೋ ಕೂರಿಸಬೇಕಿತ್ತು. ಕಾರಿನ ವೈರುಗಳೆಲ್ಲ ಬಣ್ಣಗೆಟ್ಟು ಮಣ್ಣಿನ ಹಾಗಿದ್ದವು. ಯಜಮಾನರು ಟೆಸ್ಟ್ ಬಲ್ಬು ಹಿಡಿದು ಯಾವುದು ಎಲ್ಲಿಯದೆಂದು ಸಲೀಸಾಗಿ ಪತ್ತೆ ಮಾಡಿ ಗಂಟು ಹಾಕಿದರು.

"ಭಲೇ! ನಾಲ್ಕು ಗ್ಯಾರೇಜಿನವರು ಇದನ್ನ ನೋಡಿ ಕೈಚೆಲ್ಲಿದ್ರು" ಎಂದು ಮೇಷ್ಟ್ರು ಬೆಂಚಿನ ಮೇಲೆ ಪೇಪರ್ ಹರಡಿಕೊಂಡರು.

ಸ್ಟೀರಿಯೋದ ಸರದಿ ಬಂತು. ಕರೆಂಟೇ ಇಲ್ಲದ ಹೊಸ ವೈರಿಗೆ ಟೆಸ್ಟ್ ಬಲ್ಬು ನಡೆಯದು. "ಬಾರೇ ಇಲ್ಲಿ!" ಕಾರಿನೊಳಗೆ ಕೂತೇ ವೈರು ಎತ್ತಿದರು. "ಇದ್ಯಾವ ಬಣ್ಣ ಹೇಳು ನೋಡೋಣ."

ಪೇಪರಿನ ಹಿಂದೆ ಮೇಷ್ಟ್ರು ಕಿಸಕ್ಕನೆ ನಕ್ಕರು. ನನಗೆ ರೇಗಿಹೋಯಿತು. ಕೆಂಪು ವೈರಿಗೆ "ಕಪ್ಪು" ಎಂದೆ. ಕಪ್ಪಿಗೆ "ಕೆಂಪು" ಎಂದೆ. ಬೈಯಲಿ ಎಂದು ಕಾದೆ. ಅವರು ತಲೆಯಾಡಿಸಿ, ಕೆಂಪಿಗೆ ಎರಡು ಗಂಟು ಹಾಕಿದರು. ಕಪ್ಪಿಗೆ ಒಂದು.

ಆಗ ನನಗೆ ಹೊಳೆಯಿತು. ಇವರಿಗೆ ಬಣ್ಣ ಕಾಣುವುದೇ ಇಲ್ಲ! ಹೀಗೇ ಜೋಡಿಸಿದರೆ ಸ್ಟೀರಿಯೋ ಸುಟ್ಟುಹೋಗುತ್ತದೆ. ಕೂಗಿ ಹೇಳಿದರೆ ಮೇಷ್ಟ್ರಿಗೆ ಗುಟ್ಟು ಗೊತ್ತಾಗುತ್ತದೆ, ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ. ಒಳಗೆ ಓಡಿದೆ.

"ರೀ, ಮಿಕ್ಸಿಯಲ್ಲಿ ಹೊಗೆ ಬರ್ತಿದೆ, ಬೇಗ ಬನ್ನಿ!"

ಬಂದರು. ಮಿಕ್ಸಿ ತಣ್ಣಗೆ ಕೂತಿತ್ತು.

"ಬೇಕಂತಲೇ ತಪ್ಪು ಹೇಳ್ದೆ ಕಣ್ರೀ. ಆ ಎರಡೂ ನಿಮಗೆ ಒಂದೇ ಥರ ಕಾಣುತ್ತಾ?"

ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡರು. "ಹುಟ್ಟಿದಾಗಿಂದ್ಲೂ ಹಾಗೇ. ಗೊತ್ತಾದ್ರೆ ವೈರು ಮುಟ್ಟೋಕೆ ಯಾರು ಬಿಡ್ತಾರೆ?"

"ನನಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳೋಣ ಅಂತಾನೇ ಇದ್ದೆ. ನೀನು ಬೈಕೊಂಡಾದ್ರೂ ಬಣ್ಣ ಹೇಳ್ತಿದ್ದೆ, ಹೇಗೋ ಸಾಗ್ತಿತ್ತು."

ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷ ನಾನು ಮೂತಿ ತಿರುಗಿಸಿಕೊಂಡು ಹೇಳಿದ ಒಂದೊಂದು ಬಣ್ಣವನ್ನೂ ಇವರು ಕಣ್ಣುಮುಚ್ಚಿ ನಂಬಿದ್ದರು.

ಇಬ್ಬರೂ ಶೆಡ್ಡಿಗೆ ಬಂದೆವು. ಅವರು ಗಂಟು ಬಿಚ್ಚತೊಡಗಿದರು. ಮೇಷ್ಟ್ರು ಎದ್ದು ಬಂದರು.

"ಹಾಕಿದ್ದನ್ನ ಯಾಕಪ್ಪಾ ಬಿಚ್ತಿದ್ದೀಯ? ಏನು ತಪ್ಪಾಯ್ತು?"

ಯಜಮಾನರ ಕೈ ಅಲ್ಲೇ ನಿಂತಿತು.

"ತಪ್ಪು ನಂದೇ ಮೇಷ್ಟ್ರೇ" ಎಂದೆ. "ನನಗೆ ಬಣ್ಣ ಸರಿಯಾಗಿ ಗೊತ್ತಾಗಲ್ಲ. ಪಾಪ, ಇಪ್ಪತ್ತೆರಡು ವರ್ಷದಿಂದ ಕಲಿಸ್ತಾನೇ ಇದ್ದಾರೆ."

ಸ್ಟೂಲು ಎಳೆದುಕೊಂಡು ಕಾರಿನ ಬಾಗಿಲಿಗೆ ಒತ್ತಿ ಕೂತೆ. "ಕೇಳಿ ಈಗ."

ಅವರು ವೈರು ಎತ್ತಿ ಹಿಡಿದರು.

"ಕೆಂಪು" ಎಂದೆ, ಒಂದನೇ ಕ್ಲಾಸಿನ ಹುಡುಗಿಯ ಹಾಗೆ, ಗಟ್ಟಿಯಾಗಿ.