ಶಾಂತಕ್ಕನ ಪಾಳಿ

2022ರಲ್ಲಿ, ಪೊಮೊನಾ ಪಕ್ಕದ ನಮ್ಮ ಸಣ್ಣ ನಗರದ ಲೈಬ್ರರಿಯ ಹಿಂದಿನ ಕೋಣೆಯಿಂದ ಸಾರ್ವಜನಿಕ ಟಿವಿ ಚಾನೆಲ್ಲೊಂದು ಪ್ರಸಾರ ಆರಂಭಿಸಿತು. ಊರಿನವರು ಯಾರೇ ಕೇಳಿದರೂ ಅರ್ಧ ಗಂಟೆ ಅವರದು. ಮಾತಿಗೆ ಯಾರೂ ಕತ್ತರಿ ಹಾಕುವಂತಿಲ್ಲ. ನಗರಸಭೆಯನ್ನು ಕಾಡಿ ಬೇಡಿ ಅದಕ್ಕೆ ಒಂದು ವರ್ಷದ ಅನುಮತಿ ಪಡೆದವರು ಧಾರವಾಡದ ಶಾಂತಕ್ಕ.

ಸ್ಯಾನ್ ಪೀಡ್ರೊ ಬಂದರಿನ ಕಚೇರಿಯಲ್ಲಿ, ಯಾವ ಹಡಗು ಯಾವಾಗ ದಂಡೆಗೆ ಬರಬೇಕೆಂದು ನಿಗದಿ ಮಾಡುವುದು ಅವರ ಕೆಲಸವಾಗಿತ್ತು. ನಿವೃತ್ತಿಯ ನಂತರ ಸ್ಟುಡಿಯೋಗೂ ಅದೇ ಶಿಸ್ತು ತಂದರು. ಸರದಿಗೆ ಅವರು ಹೇಳುತ್ತಿದ್ದುದು ‘ಪಾಳಿ’. ಸ್ಪ್ಯಾನಿಷ್ ಮಾತಾಡುವ ವಾಲಂಟಿಯರ್‌ಗಳೂ ‘ನೆಕ್ಸ್ಟ್ ಪಾಳಿ?’ ಎಂದು ಕೇಳುತ್ತಿದ್ದರು. ಒಮ್ಮೆ ಮೇಯರ್ ಅವಸರದಲ್ಲಿ ಬಂದಾಗ, ಸ್ವೆಟರ್ ಹೆಣೆಯುವುದನ್ನು ತೋರಿಸುತ್ತಿದ್ದ ಅಜ್ಜಿ ಮುಗಿಸುವವರೆಗೂ ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು.

ಚಾನೆಲ್ಲನ್ನು ಕಾಯಂ ಮಾಡುವ ಬಗ್ಗೆ ನಗರಸಭೆ ಮತ ಹಾಕುವ ಹಿಂದಿನ ವಾರ ಫ್ರಾಂಕ್ ಎಂಬ ನಿವೃತ್ತ ಬಸ್ ಚಾಲಕ ಬಂದ. ಯಾರೂ ನೋಡದ ಈ ಚಾನೆಲ್ಲನ್ನು ಮುಚ್ಚಬೇಕು, ಇದೆಲ್ಲ ಈ ಹೆಂಗಸಿನ ಹುಚ್ಚು ಎಂಬುದು ಅವನ ವಾದ. ಅವನ ಮೈಕ್ ಸರಿಯಿರಲಿಲ್ಲ, ಮಾತು ಕೇಳುತ್ತಿರಲಿಲ್ಲ. ಕ್ಯಾಮೆರಾ ಹಿಂದಿದ್ದ ನಾನು ಹಾಗೇ ಚಿತ್ರೀಕರಿಸುತ್ತ ಹೋದೆ. ಶಾಂತಕ್ಕ ಎದ್ದು ಹೋಗಿ, ಅವನ ಕಾಲರಿಗೆ ಬೇರೆ ಮೈಕ್ ಸಿಕ್ಕಿಸಿ, ಅರ್ಧ ಗಂಟೆಯನ್ನು ಮೊದಲಿಂದ ಕೊಟ್ಟರು.

“ಹಾಗೇ ಬಿಡಬಹುದಿತ್ತಲ್ಲ ಆಂಟಿ?” ಎಂದೆ.

“ಆಂಟಿ ಅನಬ್ಯಾಡ, ಮುದುಕಿ ಆಗೇನೇನು? ಅಂವ ನನ್ನ ಬೈಯಾಕ ಬಂದಾನ, ಬೈಗುಳ ಪೂರಾ ಕೇಳಬೇಕಲ್ಲೋ. ಚಾನೆಲ್ ನಂದಲ್ಲ, ಊರಿಂದು. ಅವನ ಪಾಳಿ ಕಸಗೊಂಡು ನಾಳೆ ಯಾವ ಮುಖ ಇಟ್ಕೊಂಡು ಓಟು ಕೇಳ್ಲಿ?”

ಸಭೆಯಲ್ಲಿ ಇಬ್ಬರು ಸದಸ್ಯರು ಫ್ರಾಂಕನ ಮಾತುಗಳನ್ನೇ ಓದಿದರು. ಚಾನೆಲ್ ಕಾಯಂ ಆಗಲಿಲ್ಲ. ಇನ್ನೊಂದು ವರ್ಷ ನಡೆಯಲಿ, ಆದರೆ ನಗರಸಭೆಯ ನೌಕರರೊಬ್ಬರು ನಡೆಸಲಿ ಎಂದು ತೀರ್ಮಾನವಾಯಿತು. ಶಾಂತಕ್ಕ ಮರುದಿನ ಬೀಗದಕೈ ಒಪ್ಪಿಸಿ, ಹೊಸಬರಿಗೆ ಮೈಕುಗಳನ್ನೆಲ್ಲ ತೋರಿಸಿಕೊಟ್ಟು, ಸ್ಯಾನ್ ಡಿಯಾಗೋದಲ್ಲಿದ್ದ ಮಗಳ ಮನೆಗೆ ಹೋದರು.

2024ರಲ್ಲಿ ಅಲ್ಲಿ ಅವರನ್ನು ಕಂಡೆ. ಮಾತು ನಿಧಾನವಾಗಿತ್ತು. ಫ್ರಾಂಕ್ ಬರುತ್ತಾನೆಯೇ ಎಂದು ವಿಚಾರಿಸಿದರು. ಪ್ರತಿ ವಾರ ಬರುತ್ತಾನೆ, ಈಗ ಹೊಸಬರನ್ನು ಬೈಯುತ್ತಾನೆ ಎಂದೆ.

“ಪೂರಾ ಅರ್ಧ ತಾಸು ಕೊಡ್ತಾರಿಲ್ಲೋ ಅವಂಗ?”

“ಕೊಡ್ತಾರೆ ಅಕ್ಕ.”

“ಹಂಗಾರ ನಡೀತೈತಿ ಬಿಡು.”

ಶಾಂತಕ್ಕ ಕಳೆದ ವರ್ಷ ತೀರಿಕೊಂಡರು. ನಗರಸಭೆ ಚಾನೆಲ್ಲಿಗೆ ಇನ್ನೂ ಕಾಯಂ ಅನುಮತಿ ಕೊಟ್ಟಿಲ್ಲ. ವರ್ಷ ವರ್ಷವೂ ನವೀಕರಿಸುತ್ತಿದೆ.