ತಳ ಕಾಣದ ಡಬ್ಬಿ

ಬೆಳಿಗ್ಗೆ ನಾನು ಬಿಟ್ಟು ಹೋದದ್ದಕ್ಕಿಂತ ಸಂಜೆ ಡಬ್ಬಿಯಲ್ಲಿ ಹೆಚ್ಚು ಹಾಲಿನ ಪುಡಿ ಇರುತ್ತಿತ್ತು. ಮೊದಲ ಸಲ ಹಾಗೆ ಅನ್ನಿಸಿದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಮಗಳಿಗೆ ಐದು ತಿಂಗಳು. ರಾತ್ರಿ ನಾಲ್ಕೈದು ಸಲ ಏಳುತ್ತಿದ್ದೆ. ನಿದ್ದೆಗೆಟ್ಟವಳಿಗೆ ಏನೇನೋ ಕಾಣಬಹುದು ಎಂದುಕೊಂಡೆ. ಮಾರನೆಯ ದಿನ ಸ್ಕೂಲಿಗೆ ಹೊರಡುವ ಮುಂಚೆ ಡಬ್ಬಿಯ ಪುಡಿಯನ್ನು ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ, ಅಳತೆ ಚಮಚವನ್ನು ಅದರ ಮೇಲೆ ಮಲಗಿಸಿ ಹೋದೆ. ಸಂಜೆ ಬಂದು ತೆಗೆದರೆ ಚಮಚ ಅರ್ಧ ಹೂತುಹೋಗಿತ್ತು.

ಗಂಡನಿಗೆ ಹೇಳಿದೆ. ಅವರು ಮೈಸೂರಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದರು, ಆಗಷ್ಟೇ ಶಿಫ್ಟು ಮುಗಿಸಿ ಬಂದು ಶೂ ಬಿಚ್ಚುತ್ತಿದ್ದರು.

"ಪುಡಿ ಊರ್ತದೇನೇ, ಬಾವೀಲಿ ನೀರ್ ಊರ್ದಂಗೆ?" ಎಂದು ನಕ್ಕರು. "ಊರೋದಾದ್ರೆ ಒಳ್ಳೇದೇ ಆಯ್ತು ಬುಡು. ಯಾರ್ಗೂ ಹೇಳ್ಬೇಡ."

ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಖಾಸಗಿ ಸ್ಕೂಲೊಂದರಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತಿದ್ದೆ. ಅಲ್ಲಿ ಹೆರಿಗೆ ರಜೆಗೆ ಸಂಬಳವಿರಲಿಲ್ಲ, ಆದ್ದರಿಂದ ನಾಲ್ಕು ತಿಂಗಳಿಗೇ ಕೆಲಸಕ್ಕೆ ಮರಳಿದ್ದೆ. ಹಗಲು ಮಗು ಅತ್ತೆಯ ಕೈಯಲ್ಲಿ. ನನ್ನ ಎದೆಹಾಲು ಬೆಳಿಗ್ಗೆ ಮತ್ತು ರಾತ್ರಿಗೆ ಮಾತ್ರ ಸಾಕಾಗುತ್ತಿತ್ತು. ಹಗಲಿಗೆ ಪಾಂಡವಪುರದ ಡಾಕ್ಟರು ಡಬ್ಬಿ ಹಾಲು ಬರೆದುಕೊಟ್ಟಿದ್ದರು. ವರ್ಷ ತುಂಬುವವರೆಗೆ ಹಸುವಿನ ಹಾಲು ಬೇಡ ಎಂದು ಒತ್ತಿ ಹೇಳಿದ್ದರು.

ಅತ್ತೆಗೆ ಇದು ಒಗ್ಗಿರಲಿಲ್ಲ. ಕೊಟ್ಟಿಗೆಯಲ್ಲಿ ಎರಡು ಹಸುಗಳಿದ್ದವು. ಹೊತ್ತಾರೆ ಕರೆದ ಹಾಲು ಕ್ಯಾನಿನಲ್ಲಿ ಡೈರಿಗೆ ಹೋಗುತ್ತಿತ್ತು.

"ಎಲ್ಡ್ ಅಸ ಕಟ್ಕೊಂಡು ಅಂಗಡಿ ಪುಡಿ ಕಲ್ಸಿ ಕುಡ್ಸೋ ಕಾಲ ಬಂತಲ್ಲವ್ವ," ಎನ್ನುತ್ತಿದ್ದರು. "ನನ್ ಮಗ ಯಾವ್ ಡಬ್ಬಿ ಕುಡ್ದು ಬೆಳ್ದ?"

ಆದರೂ ಡಾಕ್ಟರು ಹೇಳಿದ್ದನ್ನು ಮೀರಿದವರಲ್ಲ.

ಮಿಕ್ಕ ಎಲ್ಲದರಲ್ಲೂ ಉಳಿತಾಯ ಮಾಡಲು ನಮಗೆ ದಾರಿ ಗೊತ್ತಿತ್ತು. ತೊಟ್ಟಿಲು ಕೆ.ಆರ್. ಪೇಟೆಯ ನಾದಿನಿಯ ಮನೆಯಿಂದ ಬಂದಿತ್ತು, ಅವರ ಇಬ್ಬರು ಮಕ್ಕಳು ಮಲಗಿ ಬಿಟ್ಟದ್ದು. ಸ್ವೆಟರು, ಕುಲಾವಿ ನಾಗಮಂಗಲದ ನನ್ನ ತವರಿನಿಂದ. ಅತ್ತೆ ತಮ್ಮ ಹಳೆಯ ವಾಯಿಲ್ ಸೀರೆಗಳನ್ನು ಹರಿದು ಲಂಗೋಟಿ ಮಾಡಿದ್ದರು. ಡೈಪರು ಬಸ್ಸಿನಲ್ಲಿ ಹೋಗುವ ದಿನ ಮಾತ್ರ. ಪುಡಿಯ ಡಬ್ಬಿಗೆ ಮಾತ್ರ ಯಾರ ಮನೆಯಿಂದಲೂ ಹಳೆಯದು ಬರುವಂತಿರಲಿಲ್ಲ. ವಾರಕ್ಕೊಂದು ಬೇಕಾಗುತ್ತಿತ್ತು. ಪ್ರತಿ ಸಲ ಹೊಸ ಡಬ್ಬಿ ಒಡೆಯುವಾಗ ನನ್ನ ಮುಖ ಹೇಗಿರುತ್ತಿತ್ತೋ ನನಗೆ ಗೊತ್ತಿಲ್ಲ. ಅತ್ತೆ ಅದನ್ನು ನೋಡುತ್ತಿದ್ದರು ಎಂಬುದು ಆಮೇಲೆ ತಿಳಿಯಿತು.

ಇಲ್ಲಿ ನಾನು ಮಾಡಿದ್ದನ್ನು ಹೇಳಬೇಕು. ಒಂದು ಸೀಸೆ ನೀರಿಗೆ ನಾಲ್ಕು ಚಮಚ ಎಂದು ಡಬ್ಬಿಯ ಮೇಲೆ ಬರೆದಿತ್ತು. ಅತ್ತೆಗೆ ಅಳೆಯುವ ಕಷ್ಟ ಬೇಡವೆಂದು ಸೀಸೆಯ ಮೇಲೆ ಉಗುರುಬಣ್ಣದಿಂದ ನೀರಿನ ಗೆರೆ ಎಳೆದಿದ್ದೆ. ಬೆಳಿಗ್ಗೆ ನಾಲ್ಕು ಪುಟ್ಟ ಸ್ಟೀಲು ಡಬ್ಬಿಗಳಿಗೆ ಪುಡಿ ತುಂಬಿಟ್ಟು ಹೋಗುತ್ತಿದ್ದೆ, ಒಂದೊಂದು ಹೊತ್ತಿಗೆ ಒಂದೊಂದು. ಮೊದಲ ಮೂರು ವಾರ ನಾಲ್ಕು ನಾಲ್ಕು ಚಮಚವೇ ಹಾಕಿದೆ. ಆಮೇಲೆ ಒಂದು ಬೆಳಿಗ್ಗೆ ಮೂರು ಹಾಕಿದೆ. ಬರೆಯುವವರು ಸ್ವಲ್ಪ ಹೆಚ್ಚಾಗಿಯೇ ಬರೆದಿರುತ್ತಾರೆ, ಡಬ್ಬಿ ಬೇಗ ಖಾಲಿಯಾಗಲಿ ಎಂದು ಬರೆದಿರುತ್ತಾರೆ ಎಂದುಕೊಂಡೆ. ಮಗು ಕುಡಿಯಿತು. ಅಳಲಿಲ್ಲ, ಅಥವಾ ಎಂದಿಗಿಂತ ಹೆಚ್ಚು ಅಳಲಿಲ್ಲ. ನಾನು ಯಾರಿಗೂ ಹೇಳಲಿಲ್ಲ.

ವಾರಕ್ಕೆ ಮುಗಿಯುತ್ತಿದ್ದ ಡಬ್ಬಿ ಎರಡು ವಾರ ಬಂತು. ಮೂರು ಚಮಚಕ್ಕೆ ಅದು ಅಷ್ಟು ದಿನ ಬರಬಾರದು. ಮಕ್ಕಳಿಗೆ ಕಳೆಯುವ ಲೆಕ್ಕ ಹೇಳಿಕೊಡುವ ನನಗೆ ಅದು ಹೊಳೆಯಬೇಕಿತ್ತು. ಹೊಳೆದಿತ್ತು ಕೂಡ. ಆದರೆ ಪುಡಿ ಹೇಗೆ ಹೆಚ್ಚಾಗುತ್ತಿದೆ ಎಂದು ಕೇಳಿದರೆ ನಾನು ಹೇಗೆ ಕಡಿಮೆ ಮಾಡುತ್ತಿದ್ದೇನೆ ಎಂಬುದೂ ಹೊರಬರುತ್ತದೆ. ಹಾಗಾಗಿ ಅತ್ತೆಯನ್ನು ಕೇಳಲಿಲ್ಲ. ಅಂಗಳದ ತಂತಿಯ ಮೇಲೆ ದಿನವೂ ಇಪ್ಪತ್ತಕ್ಕೂ ಹೆಚ್ಚು ಲಂಗೋಟಿ ಒಣಗುತ್ತಿದ್ದವು. ಇಷ್ಟು ಒದ್ದೆ ಮಾಡುವ ಮಗುವಿಗೆ ಹೊಟ್ಟೆ ತುಂಬಿಯೇ ಇರುತ್ತದೆ ಎಂದು ಅದನ್ನು ನೋಡಿ ಸಮಾಧಾನಪಟ್ಟೆ.

ತಿಂಗಳ ಕೊನೆಯಲ್ಲಿ ಅಂಗನವಾಡಿಯಲ್ಲಿ ತೂಕ ಹಾಕಿದರು. ಟೀಚರು ತಾಯಿ ಕಾರ್ಡಿನಲ್ಲಿ ಚುಕ್ಕೆ ಇಟ್ಟು, ಹಿಂದಿನ ಚುಕ್ಕೆ ನೋಡಿ, ಮಗುವನ್ನು ಇನ್ನೊಮ್ಮೆ ತಕ್ಕಡಿಗೆ ಹಾಕಿಸಿದರು.

"ಓದ್ ತಿಂಗ್ಳು ಎಷ್ಟಿದ್ಲೋ ಅಷ್ಟೇ ಅವ್ಳೆ ಕಣಕ್ಕ," ಎಂದರು. "ಈ ವಯಸ್ಸಲ್ಲಿ ಇಂಗೆ ನಿಲ್ಬಾರ್ದು. ಡಾಕ್ಟ್ರಿಗೆ ತೋರ್ಸ್ಬುಡಿ."

ಮಾರನೆಯ ದಿನ ರಜೆ ಹಾಕಿದೆ. ಅತ್ತೆಯೂ ಜೊತೆಗೆ ಬಂದರು. ಒಂದು ಪುಟ್ಟ ಡಬ್ಬಿಗೆ ಪುಡಿ ಹಾಕಿಕೊಂಡೆ, ಮೂರು ಚಮಚ. ತೂಕದ ವಿಷಯ ಕೇಳಿದ ಮೇಲೂ ಮೂರೇ ಹಾಕಿದೆ. ಕೈ ರೂಢಿಯಾಗಿತ್ತೋ, ಈಗ ನಾಲ್ಕು ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದಿತ್ತೋ, ನನಗೆ ಇವತ್ತಿಗೂ ತಿಳಿಯದು.

ಆಸ್ಪತ್ರೆಯ ಜಗಲಿಯಲ್ಲಿ ಸರದಿಗೆ ಕಾಯುವಾಗ ಮಗು ಅತ್ತಿತು. ಅತ್ತೆ ಸೀಸೆಗೆ ಗೆರೆಯವರೆಗೆ ನೀರು ಬಗ್ಗಿಸಿ, ಪುಡಿಯ ಡಬ್ಬಿಯ ಮುಚ್ಚಳ ತಿರುಗಿಸಿ ತೆಗೆದರು. ಆಮೇಲೆ ಆ ಮುಚ್ಚಳವನ್ನು ಅಂಗಾತ ಮಾಡಿ, ಡಬ್ಬಿಯನ್ನು ಅದರ ಮೇಲೆ ಮೆಲ್ಲಗೆ ತಟ್ಟಿ ಒಂದು ಚಮಚದಷ್ಟು ಪುಡಿ ಬೀಳಿಸಿದರು. ಮಿಕ್ಕದ್ದನ್ನು ಸೀಸೆಗೆ ಸುರಿದರು. ಮುಚ್ಚಳದಲ್ಲಿದ್ದ ಪುಡಿಯನ್ನು ಹಿಡಿದುಕೊಂಡು ಎಲ್ಲಿಡುವುದೆಂದು ಅತ್ತಿತ್ತ ನೋಡಿದರು. ಮನೆಯಲ್ಲಿ ಅದಕ್ಕೆ ಜಾಗವಿತ್ತು.

"ಏನತ್ತೆ ಅದು?" ಎಂದೆ.

"ಮಿಗಿಸ್ತಾವ್ನಿ ಕಣವ್ವ. ದಿನಾ ಒಂದೊಂದ್ ಸೀಸೆ ಕಲ್ಸುವಾಗ್ಲೂ ಒಂದೊಂದ್ ಚಮಚ ಎತ್ತಿ ದೊಡ್ ಡಬ್ಬಿಗೇ ಆಕ್ಬುಡ್ತೀನಿ. ಗಟ್ಟಿಯಾದ್ರೆ ಕೂಸ್ಗೆ ಹೊಟ್ಟೆ ಕಟ್ಕತದೆ. ನಿಂಗೂ ಹೊಸ ಡಬ್ಬಿ ತರೋದು ಒಂದೆರಡ್ ದಿನ ತಪ್ತದೆ."

ಪುಡಿ ಎಲ್ಲಿಂದ ಊರುತ್ತಿತ್ತು ಎಂದು ಆಗ ಗೊತ್ತಾಯಿತು. ಮಗು ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿತ್ತು. ಹಾಲು ಅಕ್ಕಿ ತೊಳೆದ ನೀರಿನ ಬಣ್ಣದಲ್ಲಿತ್ತು.

ಒಳಗೆ ಡಾಕ್ಟರಮ್ಮ ಕಾರ್ಡು ನೋಡಿ, ಹಾಲು ಹೇಗೆ ಕಲಸುತ್ತೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿಬಿಟ್ಟರು. "ಒಂದ್ ಚಮಚ ನಾನೇ ತೆಗೀತಿದ್ದೆ ಕಣ್ರವ್ವ."

"ನೀರು ಕುಡ್ಸಿದ್ದೀರ ಅಜ್ಜಿ, ಹಾಲಲ್ಲ."

ಅತ್ತೆಯ ಮುಖ ಕೆಂಪಾಯಿತು. "ನೀರಾ? ಇಪ್ಪತ್ ವರ್ಸದಿಂದ ಡೈರಿಗೆ ಆಲ್ ಆಕ್ತಾವ್ನಿ. ಒಂದ್ ತೊಟ್ ನೀರ್ ಬೆರೆಸ್ದೋಳಲ್ಲ ನಾನು. ಬೇಕಾದ್ರೆ ಬಂದ್ ಕೇಳಿ."

ಡಾಕ್ಟರಮ್ಮ ನನ್ನತ್ತ ತಿರುಗಿದರು. "ನೀವು ಎಷ್ಟು ಹಾಕಿಡ್ತಿದ್ರಿ?"

"ಡಬ್ಬಿ ಮೇಲೆ ಬರೆದಿರೋ ಹಾಗೆ," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅದನ್ನು ಬೇರೆ ಯಾರೋ ಹೇಳಿದಂತಿತ್ತು.

ಅವರು ಕಾರ್ಡನ್ನು ಇನ್ನೊಮ್ಮೆ ನೋಡಿದರು. ನಾಲ್ಕರಲ್ಲಿ ಒಂದು ಕಡಿಮೆಯಾದರೂ ತೂಕ ಇಷ್ಟು ಪೂರಾ ನಿಲ್ಲಬಾರದು, ಬೇರೆ ಏನೋ ಇರಬಹುದು ಎಂದು ರಕ್ತಪರೀಕ್ಷೆಗೆ ಬರೆದರು. ಆ ಚೀಟಿ ಹಿಡಿದುಕೊಂಡು ಲ್ಯಾಬಿನ ಮುಂದೆ ನಿಂತೆವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಏನಾಗದೆ ಕೂಸ್ಗೆ? ಏನಂದ್ರು? ದೊಡ್ ಕಾಯ್ಲೇನಾ?" ಎಂದು ನನ್ನನ್ನೇ ಕೇಳುತ್ತಿದ್ದರು. ಏನೂ ಆಗಿಲ್ಲ ಎಂದು ಆ ಜಗಲಿಯಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಹೇಳಲಿಲ್ಲ.

ಲ್ಯಾಬಿನವರು ಮಗುವಿನ ತೋಳಿಗೆ ರಬ್ಬರು ಕಟ್ಟಿದರು. ತೋಳು ಅಲುಗದಂತೆ ನಾನು ಹಿಡಿದುಕೊಂಡೆ. ಸೂಜಿ ಚುಚ್ಚಿದರು. ನರ ಸಿಗಲಿಲ್ಲ. ಅವಳು ಉಸಿರು ಕಟ್ಟಿ ಅತ್ತಳು. "ಆ ಕೈ ಕೊಡಿ," ಎಂದರು. ನಾನು ಆ ಕೈಯನ್ನೂ ಹಿಡಿದು ಚಾಚಿದೆ. ಇದನ್ನು ನಾನು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ: ಆ ಕೈಯನ್ನೂ ಚಾಚಿದೆ. ಹತ್ತಿಯಿಂದ ಒರೆಸಿದ ಮೇಲೆ, "ಬೇಡ, ನಿಲ್ಸಿ," ಎಂದೆ.

"ಯಾಕ್ರೀ?"

"ನಾನು ಮೂರೇ ಹಾಕ್ತಿದ್ದೆ. ನಾಲ್ಕಲ್ಲ."

ಅವರಿಗೆ ಏನೂ ಅರ್ಥವಾಗಲಿಲ್ಲ. ಅತ್ತೆಗೆ ಅರ್ಥವಾಯಿತು. ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು ಹೊರಗೆ ಹೋದರು.

ನಾನೊಬ್ಬಳೇ ಡಾಕ್ಟರಮ್ಮನ ಹತ್ತಿರ ಮತ್ತೆ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಸದ್ಯಕ್ಕೆ ಪರೀಕ್ಷೆ ಬೇಡ, ಎರಡು ವಾರ ಬರೆದಿರುವ ಅಳತೆಯಲ್ಲೇ ಕೊಟ್ಟು ತೂಕಕ್ಕೆ ಕರೆತನ್ನಿ ಎಂದರು. "ಹಣದ ತೊಂದ್ರೆ ಇದ್ರೆ ಹೇಳ್ಬೇಕಿತ್ತು," ಎಂದರು. ತೊಂದರೆ ಇತ್ತೋ ಇಲ್ಲವೋ ನನಗೆ ಆ ಹೊತ್ತಿನಲ್ಲಿ ಗೊತ್ತಾಗಲಿಲ್ಲ. ಕೊಳ್ಳಲಾಗದಷ್ಟು ಇರಲಿಲ್ಲ. ಕೊಳ್ಳುವಾಗ ಹೆದರಿಕೆಯಾಗುತ್ತಿತ್ತು, ಅಷ್ಟೇ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕೂತಿದ್ದರು. ಎರಡು ಸ್ಟಾಪು ಕಳೆದ ಮೇಲೆ ಕೇಳಿದರು.

"ನೀ ಒಂದ್ ತೆಗ್ದೆ. ನಾ ಒಂದ್ ತೆಗ್ದೆ. ಅಂಗಾದ್ರೆ ಕೂಸ್ಗೆ ಎಲ್ಡೇ ಆಯ್ತಲ್ವ?"

"ಹೂಂ ಅತ್ತೆ."

"ಡಾಕ್ಟ್ರಮ್ಮ ಬೈವಾಗ ನೀ ಪಕ್ದಲ್ಲೇ ಕುಂತಿದ್ದೆ."

"ಹೂಂ."

ಅತ್ತೆ ಮಗುವಿನ ತಲೆಗೆ ಸೆರಗು ಹೊದಿಸಿ ಕಿಟಕಿಯ ಕಡೆ ತಿರುಗಿದರು.

ಮಾರನೆಯ ಬೆಳಿಗ್ಗೆ ನಾನು ಪುಟ್ಟ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಾಗ ಅತ್ತೆ ಕೊಟ್ಟಿಗೆಯಿಂದ ಕೈ ತೊಳೆದು ಬಂದು ಎದುರಿಗೆ ಕೂತರು.

"ಬಾಯ್ ಬುಟ್ಟು ಎಣ್ಸು," ಎಂದರು.

ನಾನು ಎಣಿಸಿದೆ. ನಾಲ್ಕು ಡಬ್ಬಿಗೂ ನಾಲ್ಕು ನಾಲ್ಕು. ಸಂಜೆ ನಾನು ಬಸ್ಸಿಳಿದು ಬಂದಾಗ ಖಾಲಿ ಡಬ್ಬಿಗಳನ್ನು ಮುಚ್ಚಳ ತೆಗೆದು ನನ್ನ ಮುಂದೆ ಬೋರಲು ಹಾಕಿ ತೋರಿಸಿದರು. ಒಂದು ದಿನವೂ ತಪ್ಪಿಸಲಿಲ್ಲ, ಅವರೂ, ನಾನೂ. ಡಬ್ಬಿ ವಾರಕ್ಕೆ ಸರಿಯಾಗಿ ತಳ ಕಂಡಿತು.

ಎರಡು ವಾರ ಕಳೆದು ತೂಕ ಹಾಕಿಸಿದೆವು. ಮುಂದಿನ ತಿಂಗಳು ಅಂಗನವಾಡಿಯಲ್ಲೂ. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಟೀಚರು ಹೊಸ ಚುಕ್ಕೆಯನ್ನು ಹಿಂದಿನ ಚುಕ್ಕೆಗಿಂತ ಚೆನ್ನಾಗಿ ಮೇಲೆ ಇಟ್ಟು, "ಏನ್ ಮಾಡುದ್ರಿ ಅಜ್ಜಿ, ಒಂದೇ ತಿಂಗ್ಳಿಗೆ ಇಂಗೆ?" ಎಂದು ಕೇಳಿದರು.

ನಾನು ಅತ್ತೆಯ ಕಡೆ ನೋಡಿದೆ. ಅವರು ಮಗುವಿಗೆ ಕುಲಾವಿ ಕಟ್ಟುತ್ತಿದ್ದರು.

"ಎಣಿಸ್ಕೊಂಡು ಆಕ್ದೊ ಕಣವ್ವ," ಎಂದರು.