ನೆಲ ಬಿಡದಿರಲೆಂದು ಹೊತ್ತ ಹರಕೆ

ಕಾಟಿಪಳ್ಳದ ನಳಿನಾಕ್ಷಿಯಕ್ಕ ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿನವರು ಹಿಂದಕ್ಕೆ ಹಾಕಿದ್ದೇ ಇಲ್ಲ. ಎಲೆಯನ್ನು ಹದವಾಗಿ ನೆನೆಸಿ, ನೀರು ಬಸಿದು, ತಗಡಿನ ಅಳತೆ ಇಟ್ಟು ಕತ್ತರಿಸಿ, ಹೊಗೆಸೊಪ್ಪು ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ತುಂಬಿ ಸುತ್ತುವುದು ಅವರ ಕ್ರಮ. ಪಕ್ಕದ ಮನೆಯ ಮುಮ್ತಾಝ್, "ನಳಿನಾಕ್ಷಿಯಕ್ಕನ ಮೊರದಲ್ಲಿ ಬೀಡಿ ಕೂಡ ಅಸೆಂಬ್ಲಿಗೆ ನಿಂತ ಮಕ್ಕಳ ಹಾಗೆ ನಿಲ್ತದೆ ಮಾರಾಯ್ತಿ" ಎಂದು ತಮಾಷೆ ಮಾಡುತ್ತಿದ್ದಳು. ಗಂಡ ಜಯ ಹೋದ ಮೇಲೆ ಮಗಳು ಶಶಿಪ್ರಭಾ, ಮಗ ರೂಪೇಶ ಇಬ್ಬರನ್ನೂ ಆ ಮೊರದಿಂದಲೇ ದಡ ಸೇರಿಸಿದವರು ಅವರು.

ಜಯನದು ಮೂರ್ತೆ ಕೆಲಸ. ಮರ ಹತ್ತಿ ಕಳ್ಳು ಇಳಿಸುವುದು. ಒಂದು ಬೆಳಗ್ಗೆ ಪಾಚಿ ಕಟ್ಟಿದ ತಾಳೆಮರದಿಂದ ಜಾರಿಬಿದ್ದವನು ಆಸ್ಪತ್ರೆ ತಲುಪುವವರೆಗೂ ಉಳಿಯಲಿಲ್ಲ. ಆಮೇಲೆ ಆ ಮನೆಯಲ್ಲಿ ಯಾರೂ ಸ್ಟೂಲು ಕೂಡ ಹತ್ತುವ ಹಾಗಿರಲಿಲ್ಲ. ಬಲ್ಬು ಹಾಕಲು ಮುಮ್ತಾಝಳ ಗಂಡ ಶುಕೂರ್ ಬರಬೇಕು. ಅವನು ಹತ್ತಿ ಇಳಿಯುವವರೆಗೆ ನಳಿನಾಕ್ಷಿಯಕ್ಕ ಸ್ಟೂಲಿನ ಕಾಲನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದರು.

ಇಂಥ ಮನೆಯಲ್ಲಿ ಹುಟ್ಟಿದ ಮೊಮ್ಮಗಳು, ಶಶಿಪ್ರಭಾಳ ಮಗಳು ನಿರೀಕ್ಷಾ, ಪಿಯುಸಿ ಮುಗಿದದ್ದೇ, ವಿಮಾನ ಹಾರಿಸಲು ಕಲಿಯುತ್ತೇನೆ ಎಂದಳು.

ಬೆಂಕಿಗೆ ಗಾಳಿ ಹಾಕಿದವನು ರೂಪೇಶ. ಅವನು ಅಬುಧಾಬಿಯಲ್ಲಿ ವಿಮಾನಕ್ಕೆ ಸಾಮಾನು ಏರಿಸುವವನು. ಅಕ್ಕನ ಮಕ್ಕಳು ಸೋದರಮಾವನ ಹೊಣೆ ಎನ್ನುವುದು ಇಲ್ಲಿನ ಹಳೆಯ ಕಟ್ಟಳೆ. ಮದುವೆಯಾಗದ ರೂಪೇಶನಿಗಂತೂ ನಿರೀಕ್ಷಾ ಎಂದರೆ ಜೀವ. "ವಿಮಾನದ ಹೊಟ್ಟೆಗೆ ಪೆಟ್ಟಿಗೆ ತುಂಬಿಸ್ಲಿಕ್ಕೆ ನಾನು ಸಾಕಮ್ಮ. ನಮ್ಮ ಹುಡುಗಿ ಮುಂದೆ ಕೂತ್ಕೊಳ್ಳಲಿ" ಎಂದ ಫೋನಿನಲ್ಲಿ.

ಘಟ್ಟದ ಮೇಲಿನ, ವಿಮಾನ ಹಾರಿಸಲು ಕಲಿಸುವ ಒಂದು ಶಾಲೆಯ ಮೇಷ್ಟರ ನಂಬರನ್ನೂ ಅವನೇ ಕೊಟ್ಟ. ನಿರೀಕ್ಷಾ ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು.

"ಫೀಸು ಆಮೇಲಮ್ಮ, ಮೊದಲು ಮೆಡಿಕಲ್ ಮಾಡಿಸ್ಕೋ" ಎಂದರು ಅವರು. "ಎಷ್ಟೋ ಜನ ಫೀಸು ಕಟ್ಟಿ, ಯೂನಿಫಾರ್ಮ್ ಹೊಲಿಸಿ, ಸ್ಟೇಟಸ್ ಹಾಕ್ಕೊಂಡು ಆಮೇಲೆ ಡಾಕ್ಟರ ಹತ್ರ ಹೋಗಿ ಅಳ್ತಾರೆ. ಕಣ್ಣು, ಕಿವಿ, ರಕ್ತ, ಎದೆ ಎಲ್ಲಾ ನೋಡ್ತಾರೆ. ಏನಾದ್ರೂ ತೊಂದ್ರೆ ಇದ್ರೆ ಮುಚ್ಚಿಡಬೇಡ. ಮತ್ತೆ, ಬರೀ ಹಾರೋದಲ್ಲ, ಓದೋದೂ ಬೇಕಾದಷ್ಟಿದೆ. ಗಾಳಿ ಮಳೆ ವಿಷಯ, ಆಕಾಶದ ಕಾನೂನು, ದಾರಿ ಹಿಡಿಯೋದು, ಎಲ್ಲಕ್ಕೂ ಪರೀಕ್ಷೆ. ಮೋಡ ಕವಿದ್ರೆ ದಿನಗಟ್ಲೆ ಸುಮ್ನೆ ಕೂರ್ಬೇಕು. ತಾಳ್ಮೆ ಇದೆಯಾ?"

"ಉಂಟು ಸರ್" ಎಂದಳು ನಿರೀಕ್ಷಾ.

ತೆಂಗಿನಕಾಯಿ ತುರಿಯುತ್ತಿದ್ದ ನಳಿನಾಕ್ಷಿಯಕ್ಕ ಫೋನಿನ ಹತ್ತಿರ ಬಾಯಿ ತಂದು ಕೇಳಿದರು: "ಪಕ್ಕದಲ್ಲಿ ನೀವು ಇರ್ತೀರಲ್ಲ?"

"ಶುರುವಿನಲ್ಲಿ ಇರ್ತೀವಿ ಅಜ್ಜಿ. ಕೈ ಕೂತ ಮೇಲೆ ಒಂದು ದಿನ ನಾವು ಇಳಿದು, ಒಬ್ಬಳನ್ನೇ ಮೇಲಕ್ಕೆ ಕಳಿಸ್ತೀವಿ. ಅದು ಆಗದೆ ಲೈಸೆನ್ಸಿಲ್ಲ."

ಒಬ್ಬಳನ್ನೇ. ಆ ಮಾತು ನಳಿನಾಕ್ಷಿಯಕ್ಕನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತುಬಿಟ್ಟಿತು.

ಮುಂದಿನ ಮಂಗಳವಾರ ಯಾರಿಗೂ ಹೇಳದೆ ಊರು ನಂಬಿದ ದೈವ ಕೊರಗಜ್ಜನ ಕಟ್ಟೆಗೆ ಹೋದರು. ಕೈ ಮುಗಿದು ಮನಸ್ಸಿನಲ್ಲೇ ಹೇಳಿಕೊಂಡರು: "ಅಜ್ಜಾ, ಈ ಹುಡುಗಿಯ ಕಾಲು ನೆಲ ಬಿಡದ ಹಾಗೆ ಮಾಡು. ಚಕ್ಕುಲಿ, ವೀಳ್ಯ, ಒಂದು ಬಾಟ್ಲಿ ಕಳ್ಳು ತಂದು ಒಪ್ಪಿಸ್ತೇನೆ."

ಮನೆಗೆ ಬಂದರೆ ನಿರೀಕ್ಷಾ ಹಣೆಯ ಪ್ರಸಾದ ನೋಡಿ ಬಾಗಿಲಲ್ಲೇ ಹಿಡಿದಳು. "ಅಜ್ಜನಲ್ಲಿಗೆ ಹೋಗಿದ್ರಾ? ನನ್ನ ವಿಷಯಕ್ಕಾ?"

"ನಿನ್ನ ವಿಷಯಕ್ಕೇ" ಎಂದರು. ಸುಳ್ಳಲ್ಲ. ಆದರೆ ಹುಡುಗಿ ಕುತ್ತಿಗೆಗೆ ಜೋತುಬಿದ್ದು ಮುದ್ದಿಸಿ, ಮಾವನಿಗೆ ಫೋನು ಮಾಡಿ, "ಅಜ್ಜಿ ನನಗಾಗಿ ಹರಕೆ ಹೇಳಿದ್ದಾರೆ, ಇನ್ನು ಯಾವ ಹೆದ್ರಿಕೆಯೂ ಇಲ್ಲ" ಎಂದು ಹೇಳಿದಾಗ, ಆ ಸತ್ಯ ಎಲ್ಲ ಸುಳ್ಳಿಗಿಂತ ಭಾರವಾಯಿತು.

ತಾಯಿ ಮಗಳು ಬೆಂಗಳೂರಿಗೆ ಹೋಗಿ ಮೆಡಿಕಲ್ ಮಾಡಿಸಿ ಬಂದರು. ನಿರೀಕ್ಷಾ ಬಂದವಳೇ ಹಿಂಬದಿಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಳು. ಶಶಿಪ್ರಭಾ ಚೀಲ ಇಳಿಸುತ್ತ, "ಕಣ್ಣು, ಕಿವಿ ಎಲ್ಲ ಫಸ್ಟ್ ಕ್ಲಾಸ್ ಅಂತೆ. ರಕ್ತ ಮಾತ್ರ ತುಂಬಾ ಕಡಿಮೆ. ಸದ್ಯಕ್ಕೆ ಆಗುವುದಿಲ್ಲ, ಮೂರು ತಿಂಗಳು ಬಿಟ್ಟು ಬನ್ನಿ ಅಂದ್ರು. ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಲಿಂಬೆ ನೀರಿನಲ್ಲಿ ತಗೊಳ್ಬೇಕು. ಅದರ ಒಟ್ಟಿಗೆ ಚಾ ಕುಡಿದ್ರೆ ಮಾತ್ರೆ ಹಿಡಿಯುವುದಿಲ್ಲ. ಅವಳು ಅಳುವ ಭರದಲ್ಲಿ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ನಾನು ಬೇಗ ಕೆಲಸಕ್ಕೆ ಹೋಗ್ತೇನಲ್ಲ, ನೀವು ನೋಡಿಕೊಳ್ಳಿ ಅಮ್ಮ" ಎಂದಳು.

ಕೇಳಿದ ಆ ಗಳಿಗೆ ನಳಿನಾಕ್ಷಿಯಕ್ಕನ ಎದೆ ಹಗುರಾಯಿತು. ಅಜ್ಜ ಕೇಳಿಸಿಕೊಂಡಿದ್ದ. ಮರುಗಳಿಗೆ ಹಿಂಬದಿಯಿಂದ ಹುಡುಗಿ ಮೂಗು ಎಳೆದ ಸದ್ದು ಕೇಳಿ ತಲೆ ತಗ್ಗಿಸಿದರು.

ಅಷ್ಟಕ್ಕೇ ನಿಂತಿದ್ದರೆ ಹರಕೆಯೊಂದೇ ತಪ್ಪು ಎಂದುಕೊಳ್ಳಬಹುದಿತ್ತು. ಒಂದು ಬೆಳಗ್ಗೆ ನಿರೀಕ್ಷಾ ನಿದ್ದೆಗಣ್ಣಲ್ಲಿ ಬಂದು ಮಾತ್ರೆ ಬಾಯಿಗೆ ಹಾಕಿಕೊಂಡಳು. ಲಿಂಬೆ ಹಿಂಡಿರಲಿಲ್ಲ. ಒಲೆಯ ಮೇಲೆ ಚಾ ಕುದಿಯುತ್ತಿತ್ತು. ನಳಿನಾಕ್ಷಿಯಕ್ಕನಿಗೆ ಮಗಳ ಮಾತು ಮರೆತಿರಲಿಲ್ಲ. ಅವರು ಯಾವುದನ್ನೂ ಮರೆಯುವವರಲ್ಲ. ಆದರೂ ಲೋಟಕ್ಕೆ ಚಾ ಸೋಸಿ ಮುಂದಿಟ್ಟು, "ಕುಡಿ ಮಗಾ, ಆರಿಹೋಗ್ತದೆ" ಎಂದರು. ಹುಡುಗಿ ಕುಡಿದಳು. ಮರುದಿನವೂ ಹಾಗೆಯೇ. ಆಮೇಲೆ ಅದೇ ರೂಢಿಯಾಯಿತು. ಪ್ರತಿ ದಿನ ಇವತ್ತು ಬೇಡ ಎಂದುಕೊಳ್ಳುವುದು, ಪ್ರತಿ ದಿನ ಚಾ ಕೊಟ್ಟು ಲೋಟ ತೊಳೆದಿಡುವುದು. ಮೊರದ ಮುಂದೆ ಕೂತರೆ ಸುರುಳಿ ಸಡಿಲಾಗಿ ಬಿಚ್ಚಿಕೊಳ್ಳುತ್ತಿತ್ತು. "ಎಂತ ಅಕ್ಕ, ಬೀಡಿ ಬಿಚ್ಚಿಹೋಗ್ತದೆ?" ಎಂದ ಮುಮ್ತಾಝಳ ಮೇಲೆ ರೇಗಿದರು.

ನಡುವೆ ಸುರತ್ಕಲ್ಲಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದ ನಿರೀಕ್ಷಾ ಬಾಡಿದ ಮುಖದಲ್ಲಿ ಬಂದಳು. "ಸ್ವಲ್ಪವೂ ಏರ್ಲಿಲ್ಲ ಅಜ್ಜಿ. ಒಂದು ದಿನ ತಪ್ಪದೆ ತಗೊಂಡಿದ್ದೇನೆ. ನನ್ನ ಶರೀರವೇ ಇದಕ್ಕೆ ಹೇಳಿ ಮಾಡಿಸಿದ್ದಲ್ಲ ಕಾಣ್ತದೆ." ರಿಪೋರ್ಟನ್ನು ಮಡಚಿಟ್ಟು, "ಹರಕೆ ಮೊದಲೇ ಕೊಟ್ಟುಬಿಡುವ. ಅಜ್ಜನಿಗೆ ಕರುಣೆ ಬಂದೀತು. ಚಕ್ಕುಲಿ ನಾನೇ ಮಾಡ್ತೇನೆ" ಎಂದಳು.

ಮಾಡಿದಳು. ಒರಳು ಒತ್ತಲು ಬಾರದೆ ಒಂದೊಂದು ಚಕ್ಕುಲಿ ಒಂದೊಂದು ಆಕಾರ. ಸುಟ್ಟ ಬೆರಳಿಗೆ ಊದುತ್ತ, ಚೆನ್ನಾಗಿ ಬಂದದ್ದನ್ನು ಮಾತ್ರ ಆರಿಸಿ ಬಾಳೆಲೆಯಲ್ಲಿ ಕಟ್ಟಿದಳು. ನಳಿನಾಕ್ಷಿಯಕ್ಕ ಆ ಕಟ್ಟು, ವೀಳ್ಯ, ಕಳ್ಳಿನ ಬಾಟ್ಲಿ ಹಿಡಿದುಕೊಂಡು ಅವಳ ಹಿಂದೆ ನಡೆದರು.

ಕಟ್ಟೆಯಲ್ಲಿ ಐತಪ್ಪ ಇದ್ದ. ಬಂದವರ ಹರಕೆಯನ್ನು ಅಜ್ಜನ ಮುಂದಿಟ್ಟು, ಯಾವ ಕಾರಣಕ್ಕೆಂದು ಗಟ್ಟಿಯಾಗಿ ಹೇಳಿ ಪ್ರಾರ್ಥನೆ ಮಾಡುವುದು ಅವನ ಕೆಲಸ. ಮನಸ್ಸಿನಲ್ಲಿ ಹೊತ್ತ ಹರಕೆಯಾದರೂ ಒಪ್ಪಿಸುವಾಗ ಬಾಯಿ ಬಿಟ್ಟು ಹೇಳಲೇಬೇಕು.

"ಯಾವ ಕೆಲಸಕ್ಕೆ ನಳಿನಾಕ್ಷಿಯಕ್ಕ? ಅಜ್ಜನಿಗೆ ತಿಳಿಸ್ಬೇಕಲ್ಲ."

ಅವರು ಕಟ್ಟಿನ ಬಾಳೆಲೆ ಸರಿಮಾಡತೊಡಗಿದರು. ನಿರೀಕ್ಷಾಳೇ ಮುಂದೆ ಬಂದಳು. "ನಾನು ವಿಮಾನ ಹಾರಿಸ್ಬೇಕು ಅಂತ ಅಜ್ಜಿ ಹೇಳಿಕೊಂಡದ್ದು ಐತಪ್ಪಣ್ಣ."

"ಅಬ್ಬ! ಹಾಗಾದ್ರೆ ನಮ್ಮನ್ನೂ ಒಂದು ರೌಂಡ್ ಕರ್ಕೊಂಡು ಹೋಗ್ಬೇಕು" ಎಂದು ನಕ್ಕು, ಐತಪ್ಪ ಕೈ ಮುಗಿದು ಶುರುಮಾಡಿದ. "ಸ್ವಾಮಿ ಅಜ್ಜಾ, ಈ ಹುಡುಗಿ ಆಕಾಶಕ್ಕೆ ಏರ್ಬೇಕು ಅಂತ ಇವಳ ಅಜ್ಜಿ..."

"ನಿಲ್ಲಿಸು ಐತಪ್ಪ" ಎಂದರು ನಳಿನಾಕ್ಷಿಯಕ್ಕ. "ಅಜ್ಜನ ಎದುರು ಸುಳ್ಳು ಬೇಡ. ಏರಬಾರ್ದು ಅಂತ ಹೇಳಿಕೊಂಡದ್ದು."

ಐತಪ್ಪನ ಕೈ ಮುಗಿದಲ್ಲೇ ಉಳಿಯಿತು. ನಳಿನಾಕ್ಷಿಯಕ್ಕ ಅಂದು ಹೇಳಿಕೊಂಡ ಮಾತನ್ನು ಅಕ್ಷರ ಬಿಡದೆ ಹೇಳಿದರು. ಅಲ್ಲಿಗೂ ನಿಲ್ಲಿಸಲಿಲ್ಲ, ಚಾದ ವಿಷಯವನ್ನೂ ಹೇಳಿದರು.

ನಿರೀಕ್ಷಾಳಿಗೆ ಮೊದಲು ಅರ್ಥವಾಗಲಿಲ್ಲ. "ಮರೆತು ಕೊಟ್ಟದ್ದಲ್ವಾ?"

"ಅಲ್ಲ. ಗೊತ್ತಿದ್ದೇ ಕೊಟ್ಟದ್ದು."

"ಪ್ರತಿ ದಿನ?"

"ಪ್ರತಿ ದಿನ."

ಹುಡುಗಿ ದೂರ ಸರಿದು ನಿಂತಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅಜ್ಜಿಗೆ.

"ಕಳೆದ ದನ, ಕಳೆದ ಚಿನ್ನ ಹುಡುಕಿಕೊಡು ಅಂತ ಬರ್ತಾರೆ ಇಲ್ಲಿಗೆ" ಎಂದ ಐತಪ್ಪ ಮೆಲ್ಲನೆ. "ಕೈಯಲ್ಲಿ ಇದ್ದದ್ದು ಕಳೆದುಹೋಗಲಿ ಅಂತ ಬಂದವರು ನೀವೇ ಮೊದಲು ಮಾರಾಯ್ತಿ. ನನ್ನಿಂದ ಇದನ್ನು ಹೇಳ್ಲಿಕ್ಕೆ ಆಗುವುದಿಲ್ಲ. ನೀವೇ ಹೇಳಿ."

ನಳಿನಾಕ್ಷಿಯಕ್ಕ ಬಾಳೆಲೆಯ ಕಟ್ಟು, ವೀಳ್ಯ, ಬಾಟ್ಲಿ ಎಲ್ಲವನ್ನೂ ಕಟ್ಟೆಯ ಮೇಲಿಟ್ಟರು. "ಅಜ್ಜಾ, ನಾನು ಕೇಳಿದ್ದನ್ನು ವಾಪಸು ತಗೊಳ್ತೇನೆ. ಹಾರಲಿ ಅಂತ ಹೇಳುವ ಧೈರ್ಯ ನನಗಿಲ್ಲ. ಸುಳ್ಳು ಹೇಳುವುದಿಲ್ಲ. ಅವಳು ಏರಿದ್ರೆ, ಇಳಿಯುವವರೆಗೆ ನೀನು ನೋಡಿಕೋ."

ದಾರಿಯುದ್ದಕ್ಕೂ ನಿರೀಕ್ಷಾ ಮುಂದೆಯೇ ನಡೆದಳು. ರಾತ್ರಿ ಊಟಕ್ಕೆ ಬರಲಿಲ್ಲ. ತಾಯಿಗಾಗಲಿ ಮಾವನಿಗಾಗಲಿ ಏನನ್ನೂ ಹೇಳಲಿಲ್ಲ. ಅದು ಅಜ್ಜಿಯನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು.

ಬೆಳಗ್ಗೆ ಎದ್ದು ನಳಿನಾಕ್ಷಿಯಕ್ಕ ಒಲೆ ಹಚ್ಚದೆ ಕೂತಿದ್ದರು. ನಿರೀಕ್ಷಾ ಒಳಗೆ ಬಂದು ಮಾತ್ರೆಯ ಪಟ್ಟಿ ತೆಗೆದಳು.

"ಲಿಂಬೆ ನೀರು ಮಾಡ್ಲಾ ಮಗಾ?"

ಹುಡುಗಿ ಪಟ್ಟಿಯಿಂದ ಒಂದು ಮಾತ್ರೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. ಆಮೇಲೆ ಮಣೆ ಎಳೆದುಕೊಂಡು ಎದುರಿಗೇ ಕೂತಳು.

"ಮಾಡಿ. ನನಗೆ ಕಾಣುವ ಹಾಗೆ ಮಾಡಿ."

ನಳಿನಾಕ್ಷಿಯಕ್ಕ ಲಿಂಬೆ ಕೊಯ್ದು ಹಿಂಡಿದರು. ಕೊನೆಯ ಹನಿ ಬೀಳುವವರೆಗೂ ಮೊಮ್ಮಗಳು ಅವರ ಕೈಯಿಂದ ಕಣ್ಣು ಕೀಳಲಿಲ್ಲ.